ಹುಲ್ಲು ಕೊಯ್ಯುವ ಹಣ

ಮಾರ್ಚ್ ತಿಂಗಳು. ಗ್ರೇಂಜ್ ಹಾಲಿನ ನೆಲಮಾಳಿಗೆ.
ಹೀಟರು ಕೆಮ್ಮಿ ಕೆಮ್ಮಿ ಸುಮ್ಮನಾಗಿದೆ.
ಮೇನ್ ರಾಜ್ಯದ ಮೂಡಣ ತುದಿಯಲ್ಲಿ
ಹಕಿನ್ಸ್ ಕೋವ್ ಸ್ಮಶಾನ ಸಂಘದ ಟ್ರಸ್ಟಿಗಳು ನಾಲ್ವರು
ಕೋಟು ಬಿಚ್ಚದೆ ಕೂತಿದ್ದೇವೆ.
ಮೇಜಿನ ಮೇಲೆ ಬಾಂಡ್ ಫಂಡಿನ ಮಿರಿಮಿರಿ ಪುಸ್ತಿಕೆ,
ರಕ್ಷಾಪುಟದಲ್ಲಿ ನಗುವ ಮುದುಕ, ನಗುವ ಮುದುಕಿ, ಹಾಯಿದೋಣಿ.
ನಮ್ಮೂರಲ್ಲಿ ದೋಣಿ ಹತ್ತಿದವರು ಯಾರೂ ಹಾಗೆ ನಗುವುದಿಲ್ಲ.

ನಾನು ಆರ್ಡಿತ್ ಬೀಲ್, ಖಜಾಂಚಿ.
ಮೂವತ್ತೊಂದು ವರ್ಷ ಸಾರ್ಡೀನ್ ಕಾರ್ಖಾನೆಯಲ್ಲಿ
ಕತ್ತರಿ ಹಿಡಿದು ಮೀನಿನ ತಲೆ ತೆಗೆದವಳು.
ಈ ನಕ್ಷೆ ಬರೆದವರೂ ಕತ್ತರಿ ಬಲ್ಲವರೇ:
ಗೆರೆ ಶುರುವಾಗುವುದು
ಕುಸಿತ ಮುಗಿದ ಮರುದಿನದಿಂದ.

ಅದಕ್ಕೇ ತಂದಿದ್ದೇನೆ ಈ ತಗಡಿನ ಡಬ್ಬಿ,
ಹನ್ನೆರಡು ವರ್ಷದ ಸ್ಟೇಟ್‌ಮೆಂಟು, ರಬ್ಬರ್ ಬ್ಯಾಂಡು ಹಾಕಿ.
ತಲೆ ಇಲ್ಲಿದೆ. ಓದುತ್ತೇನೆ, ಕೇಳಿ:
ಎರಡೂ ಮುಕ್ಕಾಲು. ಅರ್ಧ. ಸೊನ್ನೆ.
ಎಂಟು. ಆ ವರ್ಷ ಗೇಟಿಗೆ ಬಣ್ಣ ಹೊಡೆಸಿದೆವು.
ಏಳು. ಮೈನಸ್ ಒಂದೂವರೆ.
ಮೈನಸ್ ಹದಿಮೂರು.

ಹೀಟರು ಮತ್ತೆ ಕೆಮ್ಮಿತು.

'ಬಾಂಡು ಅಂದರೆ ಭದ್ರ ಅಂದಿದ್ದಿರಿ' ಎಂದ ಮರ್ಲ್ ಕೇಟ್ಸ್.
ಅಂದದ್ದು ಅವನಪ್ಪ;
ಈಗ ಮೂರನೇ ಸಾಲಿನಲ್ಲಿ ಮಲಗಿದ್ದಾನೆ.
ಬಡ್ಡಿ ಏರಿದರೆ ಹಳೆ ಬಾಂಡಿನ ಬೆಲೆ ಇಳಿಯುತ್ತದೆ, ಮರ್ಲ್,
ದಕ್ಕೆಗೆ ಹೊಸ ದೋಣಿ ಬಂದಾಗ ನಿನ್ನೆಯ ಮೀನಿನ ಹಾಗೆ.
ನಮ್ಮ ಫಂಡಿನ ಅವಧಿ ಆರು ವರ್ಷ:
ಬಡ್ಡಿ ಒಂದು ಮೆಟ್ಟಿಲು ಹತ್ತಿದರೆ
ಇದು ಆರು ಮೆಟ್ಟಿಲು ಜಾರುತ್ತದೆ.
ಮೋಸವೇನಲ್ಲ. ಹದಿನಾಲ್ಕನೇ ಪುಟದಲ್ಲಿ
ಇರುವೆ ಸಾಲಿನಂಥ ಅಕ್ಷರದಲ್ಲಿ ಬರೆದಿತ್ತು.
ನಾನು ಓದಿರಲಿಲ್ಲ.
ನಡಾವಳಿಯಲ್ಲಿ ಬರೆದುಕೊಳ್ಳಿ: ಖಜಾಂಚಿ ಓದಿರಲಿಲ್ಲ.

ಇನ್ನೂ ಒಂದು. ಹದಿಮೂರು ಬಿದ್ದದ್ದು
ಹದಿಮೂರು ಏರಿದರೆ ಸಮವಾಗುವುದಿಲ್ಲ.
ನೂರು ಎಂಬತ್ತೇಳಾಯಿತು;
ನೂರರ ಹೊಸ್ತಿಲಿಗೆ ಮರಳಲು ಅದಕ್ಕೆ ಶೇಕಡಾ ಹದಿನೈದು ಬೇಕು.
ಸರಾಸರಿ ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ.
ಸರಾಸರಿಯಲ್ಲಿ ನಮ್ಮ ಕೊಲ್ಲಿಯ ನೀರು ಯಾವಾಗಲೂ ಎದೆಮಟ್ಟ;
ದಿನಕ್ಕೆರಡು ಸಲ ದೋಣಿಗಳೆಲ್ಲ ಕೆಸರಲ್ಲಿ ಕೂರುವುದನ್ನು
ಅದು ಕಂಡೇ ಇಲ್ಲ.

'ಹಾಗಾದರೆ ಮುಂದಿನ ವರ್ಷ?' ಎಂದಳು ಥೆಲ್ಮಾ ಲುಕ್.
ಗೋಡೆಯ ಮೇಲೆ ಉಬ್ಬರವಿಳಿತದ ಪಟ್ಟಿ,
ಗಾಳದ ಅಂಗಡಿಯವರು ಪುಕ್ಕಟೆ ಕೊಟ್ಟದ್ದು.
ಬರುವ ಡಿಸೆಂಬರಿನ ನೀರನ್ನೂ ಅದು ನಿಮಿಷ ಸಮೇತ ಹೇಳುತ್ತದೆ,
ಚಂದ್ರ ಮಾತಿಗೆ ತಪ್ಪುವವನಲ್ಲ.
ಈ ಪುಸ್ತಿಕೆ ಹೇಳುವುದು ನಿನ್ನೆಯನ್ನಷ್ಟೇ,
ಅದನ್ನೂ ತನಗೆ ಬೇಕಾದಲ್ಲಿಂದ.

ಫಂಡಿಗೆ ಆರು ವರ್ಷ. ನಮ್ಮ ಕರಾರಿನಲ್ಲಿ 'ಶಾಶ್ವತ' ಎಂದಿದೆ.
ಗೋರಿಗೆ ಇಪ್ಪತ್ತೈದು ಡಾಲರು ಕಟ್ಟಿಸಿಕೊಂಡು
ಹಿಂದಿನವರು ಕೊಟ್ಟ ಮಾತು.
ಗುಡ್ಡದ ಮೇಲೆ ಮುನ್ನೂರ ನಲವತ್ತು ಮಂದಿ ಹೂಡಿಕೆದಾರರು,
ಒಬ್ಬರೂ ಹೆದರಿ ತಳದಲ್ಲಿ ಮಾರಿದವರಲ್ಲ.
ಅಷ್ಟು ತಾಳ್ಮೆ ನಮಗೆಲ್ಲಿಯದು,
ಮೇ ಬಂದರೆ ಹುಲ್ಲು ಏಳುತ್ತದೆ.
ಕೊಯ್ಯುವ ಹುಡುಗ ಗಂಟೆಗೆ ಇಪ್ಪತ್ತೆರಡು ಕೇಳುತ್ತಾನೆ,
ಹೋದ ವರ್ಷ ಹದಿನೆಂಟಿತ್ತು.
ಈ ಏರು ಯಾವ ನಕ್ಷೆಯಲ್ಲೂ ಇಲ್ಲ.

ಕೊನೆಗೆ ಕೈಯೆತ್ತಿದೆವು: ಎರಡು ಬೇಸಿಗೆಯ ಕೊಯ್ಲಿನ ಹಣ
ಬ್ಯಾಂಕಿನ ಠೇವಣಿಗೆ, ಉಳಿದದ್ದು ಇದ್ದಲ್ಲೇ ಇರಲಿ.
ಪರ ಮೂರು. ವಿರೋಧ ಮರ್ಲ್.
ಅವನು ತಪ್ಪು ಎಂದು ಹೇಳಲು ನನ್ನಲ್ಲಿ ಪುರಾವೆಯಿಲ್ಲ.

ಆ ಮೈನಸ್ ಹದಿಮೂರರ ಬೇಸಿಗೆ
ಹುಲ್ಲು ಕೊಯ್ಸಿದ್ದು ತಿಂಗಳಿಗೊಮ್ಮೆ.
ನನ್ನ ಕ್ಯಾರಲ್‌ನ ಹೆಸರು ಅರ್ಧ ಮುಳುಗಿತ್ತು,
ಮೇಲಿನ ಸಾಲು ಮಾತ್ರ ಓದಬಹುದಿತ್ತು.
ನಷ್ಟ ಎಷ್ಟು ಎಂದು ಯಾರಾದರೂ ಕೇಳಿದರೆ
ನಾನು ಶೇಕಡಾ ಹೇಳುವುದಿಲ್ಲ,
ಬಗ್ಗಿ ಕೈ ಹಿಡಿದು ತೋರಿಸುತ್ತೇನೆ:
ಇಷ್ಟು. ಮೊಣಕಾಲಿಗೆ ಒಂದು ಗೇಣು ಕಡಿಮೆ.

ಹೀಟರು ಆರಿಸು, ಮರ್ಲ್.
ಎಣ್ಣೆಯ ದುಡ್ಡೂ ಇದೇ ಡಬ್ಬಿಯದು.